ಹೆಸರು ಹೇಳಬಾರದ ಸಾರು

ದೆಲ್ಫಿನಾ ಆ ಮನೆಗೆ ಸೊಸೆಯಾಗಿ ಬಂದ ಮೂರನೆಯ ದಿನವೇ ಎಡವಟ್ಟು ಮಾಡಿಕೊಂಡಿದ್ದಳು. ಬಾತುಕೋಳಿಗಳಿಗೆ ಮೇವು ಹಾಕಲು ಸರೋವರದ ದಂಡೆಗೆ ಹೊರಟಿದ್ದ ಅತ್ತೆ ಪುರಿಂಗ್, ಮಧ್ಯಾಹ್ನಕ್ಕೆ ಏನು ಅಡಿಗೆ ಎಂದು ಕೇಳಿದಳು. ಹೊಸ ಸೊಸೆಗೆ ಒಳ್ಳೆಯವಳೆನಿಸಿಕೊಳ್ಳುವ ಆತುರ. ಹಿತ್ತಲಲ್ಲಿ ಸಿಹಿಗುಂಬಳ, ಬೆಂಡೆ, ಬದನೆ, ನುಗ್ಗೆಸೊಪ್ಪು ಎಲ್ಲವನ್ನೂ ಅವಳು ಬಂದ ದಿನವೇ ಕಣ್ಣಿಟ್ಟು ನೋಡಿಕೊಂಡಿದ್ದಳು. "ಲಸ್ವಾ ಮಾಡ್ತೀನಿ ಅತ್ತೆ" ಎಂದಳು.

ಅವಳ ಊರು ಪನಾಯ್ ದ್ವೀಪದ ದುಮಾಂಗಾಸ್. ಅಲ್ಲಿಯ ಇಲೊಂಗೊ ಮಾತಿನಲ್ಲಿ ಲಸ್ವಾ ಎಂದರೆ ಸೊಪ್ಪು ತರಕಾರಿಯ ತಿಳಿಸಾರು, ಅಷ್ಟೆ. ಅದನ್ನು ಉಣ್ಣದ ಮನೆ ಅಲ್ಲಿಲ್ಲ. ಆದರೆ ಮನಿಲಾ ಹತ್ತಿರದ ಲಗುನಾ ಸರೋವರದ ಈ ದಂಡೆಯವರು ಆಡುವುದು ಟಗಲಾಗ್. ಟಗಲಾಗಿನಲ್ಲಿ ಅದೇ ಸದ್ದಿನ ಮಾತು ಅಶ್ಲೀಲಕ್ಕೆ, ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಬಾರದ ಹೊಲಸಿಗೆ ಮೀಸಲು. ದೆಲ್ಫಿನಾಗೆ ಇದು ಗೊತ್ತಿರಲಿಲ್ಲವೆಂದಲ್ಲ, ಅವಳೂ ಶಾಲೆಯಲ್ಲಿ ಟಗಲಾಗ್ ಕಲಿತವಳೇ. ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಜಗಲಿಯಲ್ಲಿ ಕೂತಿದ್ದ ಮಾವ ಸೆವೆರೊನ ಕಾಫಿ ನೆತ್ತಿಗೇರಿತ್ತು.

"ಹೊಸದಾಗಿ ಮದುವೆ ಆಗಿದೀರಿ, ಮಾಡ್ಕೊಳ್ಳಿ ತಾಯಿ" ಎಂದ, ಕೆಮ್ಮು ನಿಂತ ಮೇಲೆ. "ಬಾಗಿಲು ಮಾತ್ರ ಹಾಕ್ಕೊಳ್ಳಿ."

ಅತ್ತೆ ನಕ್ಕಳು, ಗಂಡ ಎರ್ನಾನಿ ನಕ್ಕ, ಬೇಲಿಯಾಚೆ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯವಳೂ ನಕ್ಕಳು. ದೆಲ್ಫಿನಾ ಕೂಡ ನಕ್ಕಳು. ಅವಳು ಮಾಡಿದ ನಿಜವಾದ ತಪ್ಪು ಅದು. ಅಂದು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಒಮ್ಮೆ ನಕ್ಕವಳು ಮುಂದೆ ಏಳು ವರ್ಷ ನಗಲೇಬೇಕಾಯಿತು. ಮೊಟ್ಟೆ ಕೊಳ್ಳಲು ಬಂದವರಿಗೆಲ್ಲ ಸೆವೆರೊ, ನಮ್ಮ ಸೊಸೆ ಇವತ್ತೂ ಹೊಲಸು ಮಾಡಿದ್ದಾಳೆ, ಒಂದು ಬಟ್ಟಲು ಕುಡಿದು ಹೋಗಿ ಎನ್ನುತ್ತಿದ್ದ. ಅವನಿಗೆ ಸೊಸೆಯ ಮೇಲೆ ಪ್ರೀತಿಯೇ ಇತ್ತು, ಮೊದಲ ಬಟ್ಟಲು ಮುಗಿಸಿ ಎರಡನೆಯದಕ್ಕೆ ಕೈ ಚಾಚುವವನೂ ಅವನೇ. ಪ್ರೀತಿಯಿಂದ ಹಾಸ್ಯ ಮಾಡುವವರನ್ನು ತಡೆಯುವುದು ಜಗಳ ಆಡುವವರನ್ನು ತಡೆಯುವುದಕ್ಕಿಂತ ಕಷ್ಟ.

ಜುಲೈ ತಿಂಗಳಲ್ಲಿ ಶಾಲೆಗಳಲ್ಲಿ ಪೌಷ್ಟಿಕ ಆಹಾರದ ಹಬ್ಬ. ದೆಲ್ಫಿನಾಳ ಮಗಳು ಲಿವಾಯ್ ಆ ವರ್ಷವಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದಳು. ಮನೆಯಲ್ಲಿ ತಿನ್ನುವ ಒಂದು ತರಕಾರಿ ಅಡಿಗೆಯ ಚಿತ್ರ ಬರೆದು, ಎದ್ದು ನಿಂತು ಅದರ ಹೆಸರು ಹೇಳಬೇಕೆಂದು ಟೀಚರ್ ಹೇಳಿದ್ದರು. ಲಿವಾಯ್ ನೀಲಿ ಬಟ್ಟಲು ಬರೆದು, ಅದರೊಳಗೆ ಬೆಂಡೆಕಾಯಿಗಳನ್ನು ಒಂದೊಂದಾಗಿ, ಬೀಜ ಸಮೇತ ಬರೆದಿದ್ದಳು. ಎದ್ದು ನಿಂತು, ಇದು ಲಸ್ವಾ, ನಮ್ಮಮ್ಮ ದಿನಾ ಮಾಡ್ತಾರೆ ಎಂದಳು.

ಹಿಂದಿನ ಬೆಂಚಿನಿಂದ ಶುರುವಾದ ನಗು ಇಡೀ ಕ್ಲಾಸಿಗೆ ಹಬ್ಬಿತು. ಟೀಚರ್ ಕೂಡ ಹಲಗೆಯ ಕಡೆ ತಿರುಗಿಕೊಂಡರಂತೆ, ಅವರ ಹೆಗಲು ಕುಲುಕುತ್ತಿತ್ತಂತೆ. ಆಮೇಲೆ ಈ ಕಡೆ ತಿರುಗಿ, ಆ ಮಾತು ಆಡಬಾರದು ಮಗು, ಬುಲಾಂಗ್ಲಾಂಗ್ ಅನ್ನು ಎಂದು ತರಕಾರಿ ಸಾರಿನ ಟಗಲಾಗ್ ಹೆಸರು ಹೇಳಿಕೊಟ್ಟರಂತೆ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಅವಳ ಸುತ್ತ ಕೈಕೈ ಹಿಡಿದು, ಲಿವಾಯ್ ಅಮ್ಮ ದಿನಾ ಮಾಡ್ತಾರೆ, ದಿನಾ ಮಾಡ್ತಾರೆ ಎಂದು ಹಾಡು ಕಟ್ಟಿದರು.

ಮಗು ಮನೆ ಸೇರುವ ಮೊದಲೇ ಸುದ್ದಿ ಸಂತೆಯಲ್ಲಿ ಉಪ್ಪುಮೊಟ್ಟೆ ಮಾರುತ್ತಿದ್ದ ಪುರಿಂಗ್‌ಳನ್ನು ಸೇರಿತ್ತು. ಅವಳು ವ್ಯಾಪಾರ ಅರ್ಧಕ್ಕೇ ಬಿಟ್ಟು ಬುಟ್ಟಿ ಎತ್ತಿಕೊಂಡು ಬಂದಳು. ದೆಲ್ಫಿನಾ ಆಗ ಹಿತ್ತಲಲ್ಲಿ ಉಪ್ಪು ಬೆರೆಸಿದ ಕೆಸರನ್ನು ಮೊಟ್ಟೆಗಳಿಗೆ ಮೆತ್ತುತ್ತ ಕೂತಿದ್ದಳು. ಮೊಣಕೈವರೆಗೆ ಕೆಸರು.

"ಇವತ್ತಿಂದ ಆ ಮಾತು ಈ ಮನೇಲಿ ಬೇಡ" ಎಂದಳು ಪುರಿಂಗ್. "ಬುಲಾಂಗ್ಲಾಂಗ್ ಅನ್ನು. ಸಾರು ಅದೇ, ಹೆಸರು ಮರ್ಯಾದಸ್ಥರದ್ದು."

"ಅದೇ ಅಲ್ಲ ಅತ್ತೆ."

"ಏನು ಅದೇ ಅಲ್ಲ? ನಿಮ್ಮ ಕುಂಬಳಕಾಯಿ ಬೇರೆ, ನಮ್ಮ ಕುಂಬಳಕಾಯಿ ಬೇರೇನಾ? ಮಗು ಬೀದೀಲಿ ಅತ್ಕೊಂಡು ಬರ್ತಿದೆ, ನಿನಗೆ ಹೆಸರಿನ ಚಿಂತೆ."

"ಏಳು ವರ್ಷ ಮಾವ ಊರಿಗೆಲ್ಲ ಹೇಳ್ಕೊಂಡು ನಕ್ಕಾಗ ಮರ್ಯಾದೆ ಹೋಗಿರಲಿಲ್ವಾ?"

ಸೆವೆರೊ ಆಗಷ್ಟೇ ಒಳಗೆ ಬಂದಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ನೀನೂ ನಗ್ತಿದ್ದೆಯಲ್ಲ ತಾಯಿ" ಎಂದ.

ದೆಲ್ಫಿನಾ ಮತ್ತೊಂದು ಮೊಟ್ಟೆ ಎತ್ತಿಕೊಂಡು ಕೆಸರು ಮೆತ್ತಿದಳು. ಸಂಜೆ ಗಂಡ ಎರ್ನಾನಿ ಬಾತುಕೋಳಿ ದೊಡ್ಡಿಯ ಬಲೆ ಹೊಲಿಯುತ್ತ ಕೂತಿದ್ದಾಗ ಅವನ ಪಕ್ಕದಲ್ಲಿ ಕುಳಿತು, ನಾಳೆ ಶಾಲೆಗೆ ಹೋಗಿ ಟೀಚರಿಗೆ ಒಂದು ಮಾತು ಹೇಳು ಎಂದು ಕೇಳಿಕೊಂಡಳು. ಅದು ನಮ್ಮ ಕಡೆಯ ಸಾರಿನ ಹೆಸರು, ಹೊಲಸು ಮಾತಲ್ಲ ಎಂದು ಮಕ್ಕಳಿಗೆ ಅವರೇ ತಿಳಿಸಿದರೆ ಸಾಕು. ನಾನು ಹೋದರೆ ಮತ್ತೆ ನಗುತ್ತಾರೆ, ನೀನು ಈ ಊರಿನವನು, ನೀನು ಹೇಳಿದರೆ ಕೇಳುತ್ತಾರೆ ಎಂದಳು. ಎರ್ನಾನಿ ಒಳ್ಳೆಯವನು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಆದರೆ ಮಾತಿನ ವಿಷಯದಲ್ಲಿ ಮಹಾ ಸೋಮಾರಿ.

"ನಾನು ನಿಮ್ಮೂರಿಗೆ ಬಂದಾಗ ನಿಮ್ಮಣ್ಣಂದಿರು ನನ್ನ ಮಾತು ಕೇಳಿ ನಗಲಿಲ್ವಾ?" ಎಂದ. "ನಾನೇನು ಅತ್ನಾ?"

"ನೀನು ನಾಲ್ಕು ದಿನ ಇದ್ದೆ. ನಾನು ಇಲ್ಲೇ ಇದೀನಿ."

ಅವನು ಸೂಜಿಯನ್ನು ಬಲೆಯಿಂದ ಆಚೆ ಎಳೆದು, ದಾರ ಕಡಿದು, ಹೊಸ ಗಂಟು ಹಾಕಿದ. ಶಾಲೆಗೆ ಹೋಗಲಿಲ್ಲ. ಮರುದಿನ ಕೇಳಿದರೆ ಮರೆತೆ ಎಂದ, ಅದರ ಮರುದಿನ ಅವಳೇ ಕೇಳಲಿಲ್ಲ.

ಹೀಗೆ ಆ ಮನೆಯಲ್ಲಿ ಲಸ್ವಾ ಹೋಗಿ ಬುಲಾಂಗ್ಲಾಂಗ್ ಬಂತು. ಬರಿಯ ಹೆಸರಾಗಿದ್ದರೆ ದೆಲ್ಫಿನಾ ಹೇಗೋ ನುಂಗಿಕೊಳ್ಳುತ್ತಿದ್ದಳು. ಅತ್ತೆಗೆ ಈಗ ಅಡಿಗೆಮನೆಗೂ ಬರುವ ಹುರುಪು. ದೆಲ್ಫಿನಾ ಮಾಡುವ ಕ್ರಮವೇ ಬೇರೆ: ಬರಿಯ ನೀರು ಕುದಿಸಿ, ಮೊದಲು ಕುಂಬಳ, ಅದು ಅರ್ಧ ಬೆಂದ ಮೇಲೆ ಅಲಸಂದೆ, ಬದನೆ, ಆಮೇಲೆ ಬೆಂಡೆ, ಒಂದು ಹಿಡಿ ಒಣ ಸಿಗಡಿ, ಉಪ್ಪು. ಕೊನೆಗೆ ಸೊಪ್ಪು ಹಾಕಿ ಒಂದು ಕುದಿ ಬಂದ ತಕ್ಷಣ ಇಳಿಸಬೇಕು. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ಬಟ್ಟಲಿನ ತಳ ಕಾಣುವಷ್ಟು ತಿಳಿಯಾಗಿರಬೇಕು, ಪ್ರತಿಯೊಂದು ತರಕಾರಿಗೂ ಅದರದೇ ರುಚಿ ಇರಬೇಕು. ಪುರಿಂಗ್ ಬಂದವಳೇ ನೀರನ್ನು ಚೆಲ್ಲಿ ಅಕ್ಕಚ್ಚು ಸುರಿದಳು. ಅದರ ಮೇಲೆ ಜಾಡಿಯಿಂದ ಹುದುಗಿಸಿದ ಮೀನಿನ ರಸ ಎರಡು ಸೌಟು. ಸಾರು ಬೂದಿ ಬಣ್ಣಕ್ಕೆ ತಿರುಗಿತು. ಕೆಟ್ಟ ರುಚಿಯೇನಲ್ಲ, ಮೈಗೆ ಹಿತವಾಗಿಯೇ ಇತ್ತು. ದೆಲ್ಫಿನಾಗೆ ಮಾತ್ರ ಬೇರೆ ಯಾರದೋ ಮನೆಯಲ್ಲಿ ಉಣ್ಣುತ್ತಿರುವಂತೆ ಅನಿಸಿತು. ಏಳು ವರ್ಷದಲ್ಲಿ ಹಾಗೆ ಅನಿಸಿದ್ದು ಅದೇ ಮೊದಲು.

ಸೆವೆರೊ ಹಾಸ್ಯ ಬಿಟ್ಟಿದ್ದ. ಹೆಂಡತಿ ಬಾಯಿಗೆ ಬೀಗ ಹಾಕಿಸಿದ್ದಳು. ಈಗ ಊಟದ ಹೊತ್ತಿಗೆ ಮೇಜಿನ ಮೇಲೆ ಚಮಚಗಳ ಸದ್ದು ಮಾತ್ರ. ಆ ಹಾಳು ಹಾಸ್ಯವೇ ಇದ್ದಿದ್ದರೆ ಚೆನ್ನಾಗಿತ್ತಲ್ಲ ಎಂದು ದೆಲ್ಫಿನಾಗೆ ಒಂದೆರಡು ಸಲ ಅನಿಸಿ, ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ರೇಗಿತು.

ಬೆಳಿಗ್ಗೆ ಮಗಳ ತಲೆ ಬಾಚುವ ಹೊತ್ತು ಅವಳ ಪಾಲಿನ ಸುಖ. ಲಿವಾಯ್ ಹುಟ್ಟಿದಾಗಿನಿಂದ ಸ್ನಾನ ಮಾಡಿಸುವಾಗ, ತಲೆ ಬಾಚುವಾಗ ಅವಳು ಇಲೊಂಗೊದಲ್ಲೇ ಮಾತಾಡುತ್ತಿದ್ದಳು. ಉಳಿದ ಹೊತ್ತೆಲ್ಲ ಟಗಲಾಗ್, ಆ ಹೊತ್ತು ಮಾತ್ರ ತನ್ನದು. ಮಗಳು ಅರ್ಧಂಬರ್ಧ ಇಲೊಂಗೊದಲ್ಲೇ ಉತ್ತರ ಕೊಡುತ್ತಿದ್ದಳು. ಜುಲೈ ಕಳೆದ ಮೇಲೆ ಉತ್ತರ ಟಗಲಾಗಿನಲ್ಲಿ ಬರತೊಡಗಿತು. ಆಗಸ್ಟಿನಲ್ಲಿ ಒಂದು ದಿನ, ಜಡೆಗೆ ರಿಬ್ಬನ್ ಕಟ್ಟುತ್ತಿರುವಾಗ, ಮಗಳು ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಮೆಲ್ಲಗೆ ಹೇಳಿದಳು.

"ಅಮ್ಮ, ನಂಗೆ ಅರ್ಥ ಆಗುತ್ತೆ. ಆದ್ರೂ ಅದರಲ್ಲಿ ಮಾತಾಡ್ಬೇಡ. ಯಾರಾದ್ರೂ ಕೇಳಿಸ್ಕೋತಾರೆ."

ದೆಲ್ಫಿನಾ ಆಗಲಿ ಎಂದಳು. ಟಗಲಾಗಿನಲ್ಲೇ ಎಂದಳು. ಮಗಳು ಗೇಟು ದಾಟಿ ಹೋದ ಮೇಲೆ ಬಸವನಹುಳುಗಳ ಬುಟ್ಟಿ ಎತ್ತಿಕೊಂಡು ಸರೋವರದ ದಂಡೆಗೆ ಹೋದಳು. ಬಾತುಕೋಳಿಗಳು ಕಾಲಿಗೆ ಮುತ್ತಿಕೊಂಡವು. ಅವಕ್ಕೆ ಹುಳು ಚೆಲ್ಲುತ್ತ, ತಳ್ಳಾಡಬೇಡ್ರೇ, ಎಲ್ಲರಿಗೂ ಇದೆ, ಕುಂಟಿ ನೀನು ಈ ಕಡೆ ಬಾ ಎಂದು ಇಲೊಂಗೊದಲ್ಲಿ ಬೈದಳು. ಬಾಯಿಗೆ ಎಷ್ಟು ಹಾಯೆನಿಸಿತೆಂದರೆ ಅರ್ಧ ಗಂಟೆ ನಿಂತು ಮಾತಾಡಿದಳು, ಮಗಳು ಹೇಳಿದ್ದನ್ನೂ ಹೇಳಿಕೊಂಡಳು. ತಿರುಗಿ ನೋಡಿದರೆ ಸೆವೆರೊ ಬಾತುಕೋಳಿ ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ. ಬೇರೆ ದಿನವಾಗಿದ್ದರೆ, ಬಾತುಕೋಳಿಗೂ ಹೊಲಸು ಕಲಿಸ್ತಿದೀಯಾ ಎಂದಿರುತ್ತಿದ್ದ. ಅಂದು ಖಾಲಿ ಬುಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಸುಮ್ಮನೆ ಮನೆಯ ಕಡೆ ನಡೆದ. ಅದು ಅವಳಿಗೆ ಅಳು ತರಿಸಿತು.

ಭಾನುವಾರಗಳಂದು ದುಮಾಂಗಾಸಿನಿಂದ ತಾಯಿ ಸಾಲುದ್ ಫೋನ್ ಮಾಡುವಳು. ಮೊದಲಾದರೆ ಲಿವಾಯ್ ಫೋನಿಗಾಗಿ ಜಗಳ ಆಡುತ್ತಿದ್ದಳು. ಈಗ ನಿದ್ದೆ ಬರುತ್ತಿದೆ, ಹೊಟ್ಟೆ ನೋವು ಎಂದು ಜಾರಿಕೊಳ್ಳುತ್ತಿದ್ದಳು. ದೆಲ್ಫಿನಾ ತಾಯಿಗೆ ಏನನ್ನೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ನೀನು ಕಲಿಸಿದ ಸಾರಿನ ಹೆಸರು ಹೇಳಿದರೆ ಇಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ ಎಂದೇ? ಸೆಪ್ಟೆಂಬರಿನ ಮೊದಲ ಭಾನುವಾರ ಸಾಲುದ್ ತಾನೇ ಸುದ್ದಿ ಕೊಟ್ಟಳು. ಮನಿಲಾಕ್ಕೆ ಮೀನು ಸಾಗಿಸುವ ಲಾರಿಯಲ್ಲಿ ಅಣ್ಣನ ಸ್ನೇಹಿತ ಕರೆತರುತ್ತಾನಂತೆ, ಒಂದು ವಾರ ಇದ್ದು ಹೋಗುತ್ತಾಳಂತೆ. ಮೊಮ್ಮಗಳನ್ನು ಅವಳು ನೋಡಿದ್ದು ಒಂದು ವರ್ಷದ ಕೂಸಾಗಿದ್ದಾಗ.

ಸುದ್ದಿ ಕೇಳಿ ದೆಲ್ಫಿನಾಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ನೆನಪಾಯಿತು: ಸಾಲುದ್ ಬಂದರೆ ಲಸ್ವಾ ಮಾಡದೆ ಇರುವವಳಲ್ಲ, ಮಾಡಿದರೆ ಹೆಸರು ಹೇಳದೆ ಇರುವವಳಲ್ಲ.

ರಾತ್ರಿ ಊಟ ಮುಗಿದು ಎಲ್ಲರೂ ಮೇಜಿನ ಬಳಿ ಇದ್ದಾಗಲೇ ದೆಲ್ಫಿನಾ ಕೇಳಿಕೊಂಡಳು. ಅಮ್ಮ ಇರುವಷ್ಟು ದಿನ ಆ ಮಾತಿಗೆ ಯಾರೂ ನಗಬಾರದು, ತಡೆಯಲೂಬಾರದು. ಸೆವೆರೊ ದೇವರಾಣೆ ಮಾಡಿದ. ಎರ್ನಾನಿ ತಲೆಯಾಡಿಸಿದ. ಪುರಿಂಗ್ ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಿದಳು.

"ನಾನೇನು ರಾಕ್ಷಸೀನಾ?" ಎಂದಳು. "ನಿಮ್ಮಮ್ಮ ಬಂದು ಏನು ಬೇಕಾದ್ರೂ ಅನ್ಲಿ, ಏನು ಬೇಕಾದ್ರೂ ಬೇಯಿಸ್ಲಿ. ನಾನು ಹೇಳಿದ್ದು ಮಗೂಗೋಸ್ಕರ."

ದೊಡ್ಡವರ ಬಾಯಿಗೆಲ್ಲ ಹೀಗೆ ಕಾವಲು ಹಾಕಿದ್ದಾಯಿತು. ಮಗಳಿಗೆ ದೆಲ್ಫಿನಾ ಒಂದೇ ಒಂದು ಮಾತು ಕಲಿಸಿದಳು, ನಮಿತ್ ಎಂದು. ಇಲೊಂಗೊದಲ್ಲಿ ರುಚಿಯಾಗಿದೆ ಎಂದರ್ಥ. ಅಜ್ಜಿ ಬಡಿಸಿದಾಗ ಅಷ್ಟು ಹೇಳಿದರೆ ಸಾಕು, ಇನ್ನೇನೂ ಬೇಡ ಎಂದಳು. ಲಿವಾಯ್ ಎರಡು ಸಲ ಸರಿಯಾಗಿ ಹೇಳಿದಳು. ದೆಲ್ಫಿನಾ ಅವಳ ಕೆನ್ನೆ ಹಿಂಡಿದಳು.

ಸಾಲುದ್ ಬಂದಿಳಿದಾಗ ಮೀನಿನ ವಾಸನೆ ಅವಳಿಗಿಂತ ಮೊದಲು ಗೇಟು ದಾಟಿತು. ಸಣ್ಣ ಹೆಂಗಸು, ಮೊದಲಿಗಿಂತ ಬಾಗಿದ್ದಳು. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೂ ಗಟ್ಟಿಯಾಗಿ ಹೇಳಬೇಕಿತ್ತು. ತನಗೆ ಕೇಳಿಸದ್ದರಿಂದ ಊರಿಗೆಲ್ಲ ಕೇಳಿಸುವಂತೆ ಮಾತಾಡುತ್ತಿದ್ದಳು. ಟಗಲಾಗ್ ಟಿವಿಯಲ್ಲಿ ಕೇಳಿ ಬಲ್ಲಳು, ಆಡುವಾಗ ಮಾತ್ರ ಎಡವುವಳು. ಬೀಗಿತ್ತಿಯರಿಬ್ಬರೂ ಕೈ ಹಿಡಿದುಕೊಂಡು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ತುಂಬ ಹೊತ್ತು ನಕ್ಕರು. ಲಿವಾಯ್ ಹಿರಿಯರಿಗೆ ನಮಸ್ಕರಿಸುವ ರೂಢಿಯಂತೆ ಅಜ್ಜಿಯ ಕೈಗೆ ಹಣೆ ಒತ್ತಿ, ಓಡಿಹೋಗಿ ತಾತನ ಹಿಂದೆ ನಿಂತಳು.

ಮಾರನೆಯ ದಿನ ಸಾಲುದ್ ಅಡಿಗೆಮನೆಗೆ ನುಗ್ಗಿದಳು. ಚೀಲದಿಂದ ಒಣ ಸಿಗಡಿ ತೆಗೆದಳು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕೆಸುವಿನ ಎಳೆಯ ಹಂಬುಗಳನ್ನು ತೆಗೆದು ನಾರು ಬಿಡಿಸಿದಳು. ನುಗ್ಗೆಸೊಪ್ಪು ಬಿಡಿಸಲು ಮಗಳನ್ನು ಕೂರಿಸಿಕೊಂಡಳು. ಊರಿನ ಸುದ್ದಿಯೆಲ್ಲ ಬಂತು, ಯಾರು ಸತ್ತರು, ಯಾರ ಮಗಳು ಯಾರ ಜೊತೆ ಹೋದಳು, ಯಾರ ಮೀನಿನ ಹೊಂಡ ಒಡೆಯಿತು. ದೆಲ್ಫಿನಾ ಬಾಯಿ ತುಂಬ ಮಾತಾಡಿದಳು. ಇಷ್ಟು ದಿನ ತಾನು ಎಷ್ಟು ಒಂಟಿಯಾಗಿದ್ದೆ ಎನ್ನುವುದು ಆ ಸೊಪ್ಪು ಬಿಡಿಸುವಾಗ ಅವಳಿಗೆ ತಿಳಿಯಿತು. ಪುರಿಂಗ್ ಒಮ್ಮೆ ಬಂದು ಪಾತ್ರೆಯಲ್ಲಿ ಇಣುಕಿದಳು. ಅಕ್ಕಚ್ಚಿನ ಮಾತೆತ್ತದೆ ಒಲೆಗೆ ಇನ್ನೊಂದು ಸೌದೆ ತಳ್ಳಿ ಹೋದಳು.

ಸಾರು ಇಳಿಯಿತು. ಎರ್ನಾನಿ ಮೊಟ್ಟೆ ಕೊಟ್ಟುಬರಲು ಹೋದವನು ಬರಲಿಲ್ಲ. ಮನೆಯ ಗಂಡು ಬಾರದೆ ಬಡಿಸುವುದು ಬೇಡ ಎಂದು ಸಾಲುದ್ ಹಟ ಹಿಡಿದಳು. ಬಟ್ಟಲಿಗೆ ಹಾಕಿಟ್ಟು ಎಲ್ಲರೂ ಕಾದರು. ಅವನು ಬಂದು, ಕೈ ತೊಳೆದು, ಪ್ರಾರ್ಥನೆ ಹೇಳಿ ಕೂರುವ ಹೊತ್ತಿಗೆ ಸಾರು ಇಳಿದು ಒಂದು ಗಂಟೆಯ ಮೇಲಾಗಿತ್ತು. ಅಷ್ಟರಲ್ಲಿ ಲಿವಾಯ್‌ಳ ಕ್ಲಾಸಿನ ಹುಡುಗಿಯೊಬ್ಬಳು ಅವಳ ತಾಯಿಯೊಂದಿಗೆ ಮೊಟ್ಟೆ ಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ಪುರಿಂಗ್ ಎದ್ದು ಅವರಿಗೆ ಮೊಟ್ಟೆ ಎಣಿಸಿ ಕೊಡುತ್ತಿದ್ದಳು.

ಸಾಲುದ್ ಮೊದಲ ಬಟ್ಟಲನ್ನು ಮೊಮ್ಮಗಳ ಮುಂದಿಟ್ಟಳು. ತಳ ಕಾಣುವ ಸಾರು, ಮೇಲೆ ಹಸಿರು ಎಲೆ. "ಲಸ್ವಾ ಉಣ್ಣು ಮರಿ" ಎಂದಳು, ಬಾಗಿಲಾಚೆಗೂ ಕೇಳುವ ಹಾಗೆ. "ನಿಮ್ಮಮ್ಮ ಲಸ್ವಾ ಕುಡಿದೇ ಬೆಳೆದಿದ್ದು."

ಬಾಗಿಲಲ್ಲಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೆವೆರೊ ತಟ್ಟೆ ನೋಡಿದ. ದೆಲ್ಫಿನಾ ಮಗಳ ಮುಖವನ್ನೇ ನೋಡುತ್ತಿದ್ದಳು. ಹೇಳು, ಒಂದೇ ಮಾತು, ಹೇಳಿಬಿಡು ಎಂದು ಅವಳ ಜೀವವೆಲ್ಲ ಕಣ್ಣಿಗೆ ಬಂದಿತ್ತು.

ಲಿವಾಯ್ ಬಟ್ಟಲನ್ನು ಬೆರಳ ತುದಿಯಿಂದ ಆಚೆ ತಳ್ಳಿದಳು. ತಲೆ ಎತ್ತದೆ, ಟಗಲಾಗಿನಲ್ಲಿ, ಅಜ್ಜಿಯ ಕಿವಿಗೆ ಬೀಳದಷ್ಟು ಮೆಲ್ಲಗೆ ಹೇಳಿದಳು.

"ಆ ಮಾತು ಹೊಲಸು ಅಂತ ಅಜ್ಜಿಗೆ ಹೇಳಮ್ಮ. ನಂಗೆ ಬೇಡ ಇದು. ಅಜ್ಜಿ ಯಾವಾಗ ಊರಿಗೆ ಹೋಗ್ತಾರೆ?"

ಎರ್ನಾನಿ ಅನ್ನದ ಪಾತ್ರೆಗೆ ಕೈ ಚಾಚಿದ. ಮೊಟ್ಟೆ ಎಣಿಸುತ್ತಿದ್ದ ಪುರಿಂಗ್‌ಗೆ ಲೆಕ್ಕ ತಪ್ಪಿತು, ಮೊದಲಿನಿಂದ ಎಣಿಸತೊಡಗಿದಳು. ಸಾಲುದ್ ನಗುತ್ತಲೇ ಎಡಗಿವಿಯನ್ನು ಮುಂದಕ್ಕೆ ತಂದು ದೆಲ್ಫಿನಾಳ ಕಡೆ ತಿರುಗಿದಳು.

"ಏನಂತಾಳೆ ಮಗು?"

ತಾಯಿಯ ಮಾತು ಮಗಳಿಗೆ ಬೇಡ, ಮಗಳ ಮಾತು ತಾಯಿಗೆ ಕೇಳಿಸದು. ನಡುವೆ ದೆಲ್ಫಿನಾ ಒಬ್ಬಳೇ ಎರಡನ್ನೂ ಬಲ್ಲವಳು.

"ಬಿಸಿ ಅಂತಾಳೆ ಅಮ್ಮ" ಎಂದಳು ಗಟ್ಟಿಯಾಗಿ.

"ಹೌದಾ? ನೀನೂ ಹಾಗೇ ಇದ್ದೆ, ಬಿಸಿ ತಡೀತಿರಲಿಲ್ಲ" ಎಂದು ಸಾಲುದ್ ಖುಷಿಯಿಂದ ಎಲ್ಲರನ್ನೂ ನೋಡಿದಳು. "ಊದಿ ಕೊಡು ಮತ್ತೆ, ಯಾಕೆ ಸುಮ್ನೆ ಕೂತೆ?"

ಸಾರು ಆರಿ ಯಾವ ಕಾಲವೋ ಆಗಿತ್ತು. ದೆಲ್ಫಿನಾ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಊದಿದಳು. ತಾಯಿ ನೋಡುತ್ತಿದ್ದಳು, ಮಗಳೂ ನೋಡುತ್ತಿದ್ದಳು. ಸಾಕು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅವಳು ಊದುತ್ತಲೇ ಇದ್ದಳು.